ಪೂಜೆ ಮಾಡಿಸಿಕೊಂಡು ತೊದಲಿದ ಕಂಪ್ಯೂಟರ್

ನನ್ನ ಹೆಸರು ರಶ್ಮಿತಾ. ಹುಟ್ಟಿದಾಗಿನಿಂದ ಕಣ್ಣು ಕಾಣದ ಹುಡುಗಿಗೆ ಹೋಗಿ ಹೋಗಿ ಬೆಳಕಿನ ಹೆಸರು ಯಾಕಿಟ್ಟಿರಿ ಎಂದು ಕೇಳಿದರೆ ನಮ್ಮ ಅವ್ವ ಅನ್ನಪೂರ್ಣಮ್ಮ, "ಹೆಸರು ಇಟ್ಟ ಮೇಲೆ ಗೊತ್ತಾತು ಕಣೆ, ಏನ್ ಮಾಡಾಣ?" ಎನ್ನುತ್ತಾಳೆ. ಅದಿರಲಿ. ಕಣ್ಣಿನ ಕಥೆ ಹೇಳಿ ನಿಮ್ಮ ಬಾಯಲ್ಲಿ 'ಅಯ್ಯೋ ಪಾಪ' ಅನ್ನಿಸಿಕೊಳ್ಳಲು ನಾನು ಕೂತಿಲ್ಲ. ಪಾಪ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಹೇಳಹೊರಟಿದ್ದು ತೊಂಬತ್ತೆಂಟರ ವಿಜಯದಶಮಿಯಂದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ನಡೆದ ಸಂಗತಿ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಬೆರಳ ತುದಿ ಜುಮ್ಮೆನ್ನುತ್ತದೆ.

ಬಿ ಬ್ಲಾಕಿನಲ್ಲಿ ಆಶಾರಾಣಿ ಮೇಡಂ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಾಲ ನೋಡಿ ಅವರು ಒಂದು ಕೋಣೆಯ ಟೈಪ್‌ರೈಟರುಗಳನ್ನು ಸರಿಸಿ ಕಂಪ್ಯೂಟರ್ ತಂದಿಟ್ಟಿದ್ದರು. ಕಲಿಸಲು ಒಬ್ಬರು ಬೇಕಾಗಿತ್ತು. ನಾನು ಬೆಂಗಳೂರಿನಲ್ಲಿ ಕಣ್ಣು ಕಾಣದವರಿಗೆಂದೇ ನಡೆಸುತ್ತಿದ್ದ ಕಂಪ್ಯೂಟರ್ ತರಗತಿ ಮುಗಿಸಿ ಹರಿಹರಕ್ಕೆ ವಾಪಸು ಬಂದವಳು ನೆಟ್ಟಗೆ ಹೋಗಿ ಅವರೆದುರು ಕೂತೆ. ಮೇಡಂ ಒಳ್ಳೆಯವರೇ, ಆದರೆ ಮಾತಿನಲ್ಲಿ ಬೆಣ್ಣೆ ಹಚ್ಚುವವರಲ್ಲ.

"ನೋಡವ್ವ, ನನಗೇನೂ ಅಡ್ಡಿ ಇಲ್ಲ. ಆದ್ರೆ ಮಕ್ಕಳನ್ನ ಕಳ್ಸೋರು ಒಪ್ಪಬೇಕಲ್ಲ? ವಿಜಯದಶಮಿ ದಿನ ಹೊಸ ಬ್ಯಾಚು ಶುರು ಮಾಡ್ತೀನಿ. ತಂದೆ ತಾಯಿ ಎಲ್ಲಾ ಬಂದಿರ್ತಾರೆ. ನಿನ್ನ ಮಾತಾಡೋ ಕಂಪ್ಯೂಟರ್ ತಂದು ಅವರ ಎದುರಿಗೆ ತೋರ್ಸು. ಯಾರ ಕಣ್ಣನ್ನೂ ಎರವಲು ತಗಳ್ದಂಗೆ ಮಾಡಿ ತೋರ್ಸಿದ್ರೆ ಕೆಲಸ ನಿಂದು, ಇಲ್ಲಿರೋ ಕಂಪ್ಯೂಟರಿಗೆಲ್ಲ ಮಾತು ಬರಂಗೆ ನಾನೇ ಮಾಡಿಸ್ತೀನಿ. ಪಕ್ಕದಾಗ ಒಬ್ರು ನಿಂತು ಓದಿ ಹೇಳಬೇಕು ಅನ್ನಂಗಿದ್ರೆ ಮಾತ್ರ ಬ್ಯಾಡ."

"ಯಾರೂ ಬ್ಯಾಡ್ರಿ ಮೇಡಂ. ನಾನೇ ಸಾಕು," ಎಂದೆ. ಸೊಕ್ಕು ನೋಡಿ ನನ್ನದು.

ಆ ಕೆಲಸ ನನಗೆ ಬೇಕೇಬೇಕಿತ್ತು. ಮನೆಯಲ್ಲಿ ಉಣ್ಣಲು ಉಡಲು ಕಮ್ಮಿ ಇರಲಿಲ್ಲ. ನಮ್ಮ ಸೋದರಮಾವ ರುದ್ರಮುನಿಯದು ಹರಿಹರದಲ್ಲಿ ಹಿಟ್ಟಿನ ಗಿರಣಿ, ನಾನು ಅವ್ವ ಇಬ್ಬರೂ ಅವನ ಮನೆಯಲ್ಲೇ ಇದ್ದವರು. ಆದರೆ ಮನೆಗೆ ಬಂದವರೆಲ್ಲ ನನ್ನೆದುರಿಗೇ, "ಈಕೀನ ಮುಂದೆ ಯಾರು ನೋಡ್ಕೋತಾರೆ?" ಎಂದು ಅವ್ವನನ್ನು ಕೇಳುವರು. ನಾನು ಅಲ್ಲೇ ಕೂತಿದ್ದೇನೆ, ನನಗೆ ಕಿವಿ ಇದೆ ಎಂಬುದು ಅವರಿಗೆ ನೆನಪೇ ಇರುತ್ತಿರಲಿಲ್ಲ. ಒಂದೇ ಒಂದು ಸಲ ಯಾರಾದರೂ ನನ್ನನ್ನು 'ಮಿಸ್' ಎಂದು ಕರೆಯಬೇಕು ಎಂದು ನಾನು ಆಸೆಪಟ್ಟಿದ್ದೆ.

ನನ್ನದು ಹಳೇ ಕಂಪ್ಯೂಟರು. ವಿಂಡೋಸ್ ಗಿಂಡೋಸ್ ಇಲ್ಲ, ಬರೀ ಡಾಸ್. ಪರದೆಯ ಮೇಲೆ ಏನು ಬಂದರೂ ಅದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವ ಪ್ರೋಗ್ರಾಮೊಂದು ಅದರಲ್ಲಿತ್ತು. ಕಂಪ್ಯೂಟರ್ ಎಚ್ಚರಾಗುತ್ತಲೇ 'ರೆಡಿ' ಎನ್ನುತ್ತಿತ್ತು. ಆ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಮುಂದಿನದೆಲ್ಲ ನನ್ನ ಕೈಯಲ್ಲಿ. ಮಾತು ಹೊರಡಬೇಕಾದರೆ ಒಳಗೆ ಸೌಂಡ್ ಕಾರ್ಡ್ ಇರಬೇಕು, ಆ ಕಾರ್ಡು ಎಲ್ಲಿದೆ ಹೇಗಿದೆ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ಸಿಕ್ಕಿಸಿದ ಕೂಡಲೇ ಕಂಪ್ಯೂಟರು ತಾನಾಗಿ ಗುರುತು ಹಿಡಿಯುವ ಅನುಕೂಲ ನನ್ನ ಹಳೇ ಪೆಟ್ಟಿಗೆಗೆ ಇರಲಿಲ್ಲ. ಶುರುವಾಗುವಾಗ ಓದಿಕೊಳ್ಳುವ ಫೈಲಿನಲ್ಲಿ ಒಂದು ಸಾಲು: ಎ ೨೨೦, ಐ ೫, ಡಿ ೧. ಎ ಅಂದರೆ ಕಾರ್ಡಿನ ವಿಳಾಸ. ಡಿ ಅಂದರೆ ಮಾತು ಹರಿದು ಬರುವ ದಾರಿ. ಐ ಅಂದರೆ ಕಾರ್ಡು ಕಂಪ್ಯೂಟರನ್ನು ಕರೆಯಲು ಬಾರಿಸುವ ಕರೆಗಂಟೆಯ ನಂಬರು. ಕಾರ್ಡಿನ ಮೈಮೇಲೂ ಜೋಡಿ ಜೋಡಿಯಾಗಿ ಸಣ್ಣ ಮೊಳೆಗಳಿರುತ್ತವೆ. ಯಾವ ಜೋಡಿಗೆ ಕಾಳಿನಷ್ಟು ಪುಟ್ಟ ಟೋಪಿ ತೊಡಿಸುತ್ತೇವೋ ಆ ನಂಬರು ಗಟ್ಟಿಯಾಗುತ್ತದೆ. ಆ ಟೋಪಿಗೆ ಜಂಪರ್ ಎನ್ನುತ್ತಾರೆ. ಫೈಲಿನಲ್ಲಿ ಐದು ಇದ್ದರೆ ಕಾರ್ಡಿನ ಮೇಲೂ ಐದೇ ಇರಬೇಕು.

ಈಗ ನಮ್ಮ ಮಾವನ ವಿಷಯ. ಊರಿಗೆಲ್ಲ ಆಯುಧ ಪೂಜೆ ಒಂದು ದಿನವಾದರೆ ನಮ್ಮ ಮಾವನಿಗೆ ಒಂದು ವಾರ. ಗಿರಣಿಯ ಬೆಲ್ಟು, ಕಲ್ಲು, ನಟ್ಟು, ಬೋಲ್ಟು ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ಕೂಡಿಸಿ, ಆಮೇಲೇ ವಿಭೂತಿ. ಮೇಲೆ ಮೇಲೆ ಕುಂಕುಮ ಬಳಿದು ಕೈಮುಗಿಯುವವರನ್ನು ಕಂಡರೆ ಅವನಿಗಾಗದು. "ಒಳಗಿನ ಹೊಲಸು ಹಂಗೇ ಇಟ್ಟು ಹೊರಗೆ ಹೂವ ಮುಡಿಸಿದ್ರೆ ದೇವರು ಒಪ್ತಾನೇನು?" ಎನ್ನುವನು. ಹಬ್ಬದ ಬೆಳಿಗ್ಗೆ ಅವ್ವ, "ಹೊಲಿಗೆ ಮಷೀನಿಗೆ ಪೂಜೆ ಮಾಡ್ತೀವಿ, ಗಿರಣಿಗೆ ಮಾಡ್ತೀವಿ, ನಾಳೆ ಕೆಲಸ ಕೊಡಿಸೋ ಕಂಪ್ಯೂಟರಿಗೆ ಮಾಡಬ್ಯಾಡವಾ?" ಎಂದಳು.

"ಮಾಡ್ರಿ. ನೀರು ಮಾತ್ರ ಸೋಕಿಸಬ್ಯಾಡ್ರಿ," ಎಂದು ಹೇಳಿ ನಾನು ತಲೆಗೆ ಎರೆದುಕೊಳ್ಳಲು ಬಚ್ಚಲಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಪೆಟ್ಟಿಗೆಯ ಮೇಲೆ ಚೆಂಡುಹೂವು, ಎರಡೂ ಬದಿಗೆ ಪುಟ್ಟ ಬಾಳೆಕಂದು, ಊದಿನಕಡ್ಡಿಯ ಘಮ. ಒಂದು ಸಲ ಹಚ್ಚಿ ನೋಡೋಣ, ನಾಳೆಯ ಪಾಠ ಒಂದಿಷ್ಟು ರೂಢಿ ಮಾಡಿಕೊಳ್ಳೋಣ ಎಂದು ಕೈ ಚಾಚಿದೆನೋ ಇಲ್ಲವೋ, ಅವ್ವ ಫಟ್ಟನೆ ಕೈಮೇಲೆ ಹೊಡೆದಳು.

"ಪೂಜೆಗೆ ಇಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ ಮಂಗಳಾರತಿ ಆದ ಮೇಲೇ."

"ಅವ್ವ, ನಾಳೆ ನನ್ನ ಪರೀಕ್ಷೆ ಐತೆ!"

"ನಿಮ್ಮ ಮಾವ ಗಿರಣಿಗೆ ಬೀಗ ಹಾಕಿಲ್ವಾ? ಅವನಿಗಿಲ್ಲದ ಅವಸರ ನಿನಗ್ಯಾಕ?"

ಜಗಳಾಡಿದೆ, ಉಣ್ಣುವುದಿಲ್ಲ ಎಂದೆ, ಹೋಳಿಗೆಯ ವಾಸನೆ ಬಂದ ಮೇಲೆ ಉಂಡೆ. ಕಂಪ್ಯೂಟರ್ ಮಾತ್ರ ಮುಟ್ಟಲು ಬಿಡಲಿಲ್ಲ.

ಮರುದಿನ ಮಂಗಳಾರತಿ ಮುಗಿಯುವಷ್ಟರಲ್ಲಿ ಹೊರಡುವ ಹೊತ್ತಾಗಿತ್ತು; ಅವ್ವನನ್ನೂ ಕೂಡಿಸಿಕೊಂಡು ಮಾವ ಅದನ್ನು ಟೆಂಪೋದಲ್ಲಿ ಹತ್ತಿಯ ಗಾದಿಯ ಮೇಲೆ ಮಲಗಿಸಿದ. ಗುಂಡಿ ಬಂದಲ್ಲೆಲ್ಲ ಡ್ರೈವರನಿಗೆ, "ಏ ಮೆಲ್ಲಕ, ಒಳಗೆ ಬಾಣಂತಿ ಅದಾಳೆ ಅನ್ಕೊಂಡು ಹೊಡಿ," ಎಂದು ಗದರುತ್ತ ಬಂದ. ದಾರಿಯುದ್ದಕ್ಕೂ ಲಾರಿಗಳಿಗೆ ಕಟ್ಟಿದ ಬಾಳೆ ಎಲೆ ಗಾಳಿಗೆ ಪಟಪಟ ಎನ್ನುತ್ತಿದ್ದವು. ಒಡೆದ ಬೂದುಗುಂಬಳದ ಹಸಿ ವಾಸನೆ ಪಿ.ಬಿ. ರಸ್ತೆ ತುಂಬ ಹರಡಿತ್ತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಏನು ಹೇಳಬೇಕು, ಯಾವ ಆಜ್ಞೆ ಮೊದಲು, ಯಾವುದು ಆಮೇಲೆ ಎಂದು ತೊಡೆಯ ಮೇಲೆ ಬೆರಳಾಡಿಸುತ್ತಿದ್ದೆ.

"ಹೆದರಬ್ಯಾಡ ಪುಟ್ಟಿ," ಎಂದ ಮಾವ. "ಒಳಗೂ ಹೊರಗೂ ಲಕಲಕ ಅಂತೈತೆ. ಇವತ್ತು ನೀನು ಗೆದ್ದಂಗೆ."

ಆ 'ಒಳಗೂ' ಎಂಬ ಮಾತು ನನ್ನ ಕಿವಿಯ ಮೇಲೇ ಹಾದುಹೋಯಿತು. ಅಷ್ಟೊಂದು ಹುರುಪಿನಲ್ಲಿದ್ದೆ ನಾನು.

ಇನ್‌ಸ್ಟಿಟ್ಯೂಟಿನ ಕೋಣೆ ತುಂಬಿತ್ತು. ಹೊಸ ಬಟ್ಟೆಯ ಗಂಜಿ ವಾಸನೆ, ಮಲ್ಲಿಗೆ, ಬೆಂಚು ಎಳೆದಾಡುವ ಸದ್ದು. ಮುಂದಿನ ಸಾಲಿನಲ್ಲೇ ಒಂದು ದಪ್ಪ ದನಿ ಇನ್ಯಾರಿಗೋ ಹೇಳುತ್ತಿತ್ತು: "ನಂದಿಗುಡಿಯಿಂದ ಬಂದೀವ್ರಿ. ಮಗಳು ದಿನಾ ಬಸ್ಸಿಗೆ ಓಡಾಡಬೇಕು. ಕಲಿಸೋರಿಗೆ ಕಣ್ಣು ಕಾಣಲ್ಲಂತೆ. ಹುಡುಗಿ ತಪ್ಪು ಮಾಡಿದ್ರೆ ಹೆಂಗೆ ಗೊತ್ತಾಗತ್ತೋ ಏನೋ." ಹೆಸರು ಜಂಬಯ್ಯ ಎಂದು ಆಮೇಲೆ ತಿಳಿಯಿತು. ಪಕ್ಕದಲ್ಲಿ ಅವನ ಮಗಳು ಉಡಚಮ್ಮ, "ಅಪ್ಪಾ, ಮೆಲ್ಲಕ," ಎಂದು ಪಿಸುಗುಟ್ಟಿದಳು. ನನಗೆ ಸಿಟ್ಟು ಬರಲಿಲ್ಲ. ಕೇಳಿದ್ದು ನ್ಯಾಯವಾದ ಪ್ರಶ್ನೆ, ತೋರಿಸಿಯೇ ಬಿಡೋಣ ಎನ್ನಿಸಿತು.

ಆಶಾರಾಣಿ ಮೇಡಂ ಎರಡು ಮಾತಾಡಿ ನನ್ನನ್ನು ಪರಿಚಯಿಸಿದರು. ನಾನು ಎದ್ದು, "ಈ ಕಂಪ್ಯೂಟರ್ ನನಗೆ ಓದಿ ಹೇಳುತ್ತೆ. ಮೊದಲು ಅದರ ಬಾಯಿಂದಲೇ ಕೇಳ್ರಿ," ಎಂದು ಜಂಬದಿಂದ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಮೆಮೊರಿ ಎಣಿಸುವ ಟಿಕ್ ಟಿಕ್ ಬಂತು. ಒಂದು 'ಬೀಪ್'. ಒಳಗಿನ ಡಿಸ್ಕು ಕರಕರ ಎಂದಿತು. ಎಲ್ಲ ಸರಿಯಾಗಿದೆ ಎಂದುಕೊಂಡೆ.

"ರೆಡ್‌ರೆಡ್‌ರೆಡ್‌ರೆಡ್‌ರೆಡ್‌ರೆಡ್..."

ನಿಲ್ಲಲೇ ಇಲ್ಲ. ಬಿಕ್ಕಳಿಕೆ ಹತ್ತಿದ ಮನುಷ್ಯನ ಹಾಗೆ ಅದೇ ತುಣುಕು, ಅದೇ ತುಣುಕು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಕೀಬೋರ್ಡ್ ಒತ್ತಿದೆ, ಜಪ್ಪಯ್ಯ ಅನ್ನಲಿಲ್ಲ. ಆಫ್ ಮಾಡಿ ಮತ್ತೆ ಹಚ್ಚಿದೆ. ಮತ್ತೆ ರೆಡ್‌ರೆಡ್‌ರೆಡ್.

"ರಶ್ಮಿತಾ, ಪರದೆ ಮೇಲೆ ಏನೋ ಬಂದೈತೆ. ನಾನು ಓದ್ಲಾ?" ಎಂದರು ಮೇಡಂ, ಮೆಲ್ಲಗೆ, ನನ್ನ ಕಿವಿಯ ಹತ್ತಿರ. ಅವರ ದನಿಯಲ್ಲಿ ಕರುಣೆ ಇತ್ತು. ಆ ಕರುಣೆಗೆ 'ಹೂಂ' ಅಂದಿದ್ದರೆ ಮುಗಿಯಿತು, ಕೆಲಸ ಅಲ್ಲಿಗೇ ಹೋಯಿತು.

"ಬ್ಯಾಡ್ರಿ ಮೇಡಂ. ಯಾರೂ ಓದಬ್ಯಾಡ್ರಿ," ಎಂದೆ.

"ಬನ್ನಿ ಮುಡಿಯಕ್ಕೆ ಊರಿಗೆ ಹೋಗಬೇಕ್ರಿ," ಎಂದು ಜಂಬಯ್ಯ ಎದ್ದು ನಿಂತ ಸದ್ದಾಯಿತು.

ಪೆಟ್ಟಿಗೆಯನ್ನು ಆಫ್ ಮಾಡಿ, ಎರಡೂ ಕೈ ಅದರ ಮೇಲಿಟ್ಟುಕೊಂಡು ನಿಂತೆ. ಹೆದರಿಕೆಯ ನಡುವೆಯೇ ತಲೆ ಚುರುಕಾಗತೊಡಗಿತು. ಅದು ಮೂಕಾಗಿಲ್ಲ, ತೊದಲುತ್ತಿದೆ. ಅಂದರೆ ಕಾರ್ಡು ಇದ್ದಲ್ಲೇ ಇದೆ, ವಿಳಾಸ ಸರಿ. ಕೇಳಿಸಿದ ತುಣುಕು ಸ್ವಚ್ಛವಾಗಿದೆ, ಕರಕರ ಸದ್ದಲ್ಲ. ಅಂದರೆ ಹರಿದು ಬರುವ ದಾರಿಯೂ ಸರಿ. ಮೊದಲ ತುತ್ತು ಬಾಯಿಗೆ ಬಿದ್ದಿದೆ, ಎರಡನೆಯದು ಬರುತ್ತಿಲ್ಲ. ಉಳಿದದ್ದು ಒಂದೇ, ಕರೆಗಂಟೆ!

ಆದರೆ ಮೊನ್ನೆಯವರೆಗೂ ಸರಿಯಿದ್ದ ಗಂಟೆ ನಿನ್ನೆ ಒಂದು ದಿನದಲ್ಲಿ ಹೇಗೆ ಬದಲಾಯಿತು? ನಿನ್ನೆ ಆದದ್ದು ಪೂಜೆ. ಪೂಜೆ ಅಂದರೆ...

"ಮಾವ!" ಬಾಗಿಲ ಕಡೆ ತಿರುಗಿ ಕೂಗಿದೆ. "ನಿನ್ನೆ ಈ ಡಬ್ಬಿ ಬಿಚ್ಚಿದ್ರಾ?"

"ಬಿಚ್ಚದೆ?" ಬಾಗಿಲ ಹತ್ತಿರದಿಂದ ಮಾವನ ದನಿ ಬಂತು, ಹೆಮ್ಮೆಯಿಂದಲೇ. "ಒಳಗೆ ಏನ್ ಧೂಳು ಅಂತೀ! ಹಲಗೆ ಹಲಗೆ ಹೊರಗೆ ತೆಗೆದು ಬ್ರಶ್ಶು ಹಾಕಿ ಕೂಡ್ರಿಸೀನಿ. ಒಂದು ಸ್ಕ್ರೂ ಉಳಿದಿಲ್ಲ ನೋಡು."

"ಹಲಗೆ ಮೇಲೆ ಕರೀ ಟೋಪಿ ಇದ್ವಲ್ಲ, ಸಣ್ಣವು?"

"ಅವನ್ನೂ ಬಿಟ್ಟಿಲ್ಲ. ಕಿತ್ತು ಒರೆಸಿ ವಾಪಸು ಹಾಕೀನಿ."

"ಅದೇ ಜಾಗಕ್ಕೆ ಹಾಕಿದ್ರಾ?"

"ಅದೇ... ಅದೇ ಇರಬೇಕು. ಸಾಲಾಗಿ ಮೊಳೆ ಇದ್ವು, ಎಲ್ಲಾ ಒಂದೇ ಥರ. ಬಾಕಿಯವು ನೆನಪಿದ್ವು. ಒಂದು ಮಾತ್ರ ಅನುಮಾನ ಬಂತು. ಪಕ್ಕದ್ದಕ್ಕೆ ಹಾಕಿದೆನೇನೋ. ಗಿರಣಿಯಾಗ ಒಂದು ನಟ್ಟು ಪಕ್ಕದ ಬೋಲ್ಟಿಗೆ ಹಾಕಿದ್ರೆ ಏನಾಗಾದೈತೆ? ನಡೀತೈತೆ ಬಿಡು."

"ಏ ರುದ್ರಮುನಿ!" ಅವ್ವ ಹಣೆ ಚಚ್ಚಿಕೊಂಡ ಸದ್ದು ನನಗೇ ಕೇಳಿತು. "ಹುಡುಗಿ ಬಾಯಿಗೆ ಮಣ್ಣು ಹಾಕಿದೆಯಲ್ಲೋ!"

"ಸುಮ್ಮನಿರವ್ವ! ಮಾವ, ಎಡಕ್ಕೋ ಬಲಕ್ಕೋ?"

"ಹಲಗೆ ತಲೆಕೆಳಗೆ ಮಾಡಿದ್ದೆ, ಮಗ್ಗಲು ಮಾಡಿದ್ದೆ. ಎಡ ಬಲ ಹೆಂಗೆ ಹೇಳ್ಲಿ?" ಮಾವನ ದನಿ ಕುಗ್ಗಿತ್ತು. ಮರುಗಳಿಗೆಗೇ ಅವನು ನನ್ನತ್ತ ಧಾವಿಸಿದ ಸದ್ದು. "ತಡಿ, ಸ್ಕ್ರೂಡ್ರೈವರ್ ಟೆಂಪೋದಾಗ ಐತೆ, ಈಗಲೇ ಬಿಚ್ಚಿ..."

"ಮುಟ್ಟಬ್ಯಾಡ್ರಿ!"

ಅವನು ನಿಂತಲ್ಲೇ ನಿಂತ. ನನಗೆ ಕೋಪವೂ ಬಂದಿತ್ತು, ನಗುವೂ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಕುಣಿಯಬೇಕು ಅನ್ನುವಷ್ಟು ಹುರುಪು ಬಂದಿತ್ತು. ಟೋಪಿ ಎಲ್ಲಿದ್ದರೇನು? ಟೋಪಿಯನ್ನು ಫೈಲಿಗೆ ತಕ್ಕಂತೆ ಸರಿಸುವುದು ಒಂದು ದಾರಿ. ಫೈಲನ್ನೇ ಟೋಪಿಗೆ ತಕ್ಕಂತೆ ಬರೆಯುವುದು ಇನ್ನೊಂದು ದಾರಿ. ಅದಕ್ಕೆ ಸ್ಕ್ರೂಡ್ರೈವರ್ ಬೇಡ, ಕಣ್ಣು ಬೇಡ, ಬೆರಳು ಸಾಕು.

"ಕೂಡ್ರಿ, ಎಲ್ಲಾ ಕೂಡ್ರಿ," ಎಂದೆ ಸೇರಿದವರಿಗೆ. "ನಂದಿಗುಡಿಯೋರೂ ಕೂಡ್ರಿ. ನನ್ನ ಕಂಪ್ಯೂಟರಿಗೆ ಏನಾಗೈತೆ ಅಂತ ಹೇಳ್ತೀನಿ ಕೇಳ್ರಿ. ಬೆಣ್ಣೆದೋಸೆ ಹೋಟ್ಲಿಗೆ ಹೋಗೀರಿ. ಒಂದು ದೋಸೆ ತಿಂದಾಯ್ತು. ಇನ್ನೊಂದು ಹಾಕ್ರಿ ಅಂತ ನೀವು ಈ ಮೇಜಿಂದ ಕೂಗ್ತೀರಿ. ಆದ್ರೆ ಹಾಕೋನಿಗೆ ಅವರ ಯಜಮಾನ್ರು, ಐದನೇ ಮೇಜು ಬಿಟ್ಟು ಬೇರೆ ಯಾರು ಕೂಗಿದ್ರೂ ತಿರುಗಿ ನೋಡಬ್ಯಾಡ ಅಂತ ಬರೆದುಕೊಟ್ಟಾರೆ. ನೀವು ಕೂತಿರೋದು ಐದನೇ ಮೇಜಲ್ಲ. ಎಷ್ಟು ಕೂಗಿದ್ರೂ ದೋಸೆ ಬರುತ್ತಾ? ಇದೂ ಹಂಗೇ. ಒಂದು ತುತ್ತು ಮಾತು ಆಡೈತೆ, ಮುಂದಿನ ತುತ್ತಿಗೆ ಬೇರೆ ನಂಬರಿಂದ ಕೂಗ್ತಾ ಕೂತೈತೆ. ನಮ್ಮ ಮಾವ ಮೇಜು ಬದಲಾಯಿಸ್ಯಾರೆ. ಯಾವ ಮೇಜು ಅಂತ ನಾನೀಗ ಹುಡುಕಬೇಕು."

ಒಂದು ನಗೆ ಹರಿಯಿತು, ಈ ಸಲ ಅದು ನನ್ನನ್ನು ಹೀಯಾಳಿಸುವ ನಗೆಯಲ್ಲ. ಬೆಂಚು ಕಿರುಗುಟ್ಟಿತು. ಜಂಬಯ್ಯ ಕೂತಿರಬೇಕು.

ಕಾರ್ಡಿನ ಮೇಲೆ ಮೊಳೆಗಳ ಸಾಲು ಹೀಗೆ: ಎರಡು, ಐದು, ಏಳು, ಹತ್ತು. ಐದರ ಪಕ್ಕ ಅಂದರೆ ಎರಡು ಇಲ್ಲವೇ ಏಳು. ಕಂಪ್ಯೂಟರ್ ಹಚ್ಚಿದೆ. ಫ್ಯಾನು, ಟಿಕ್ ಟಿಕ್, ಬೀಪ್. ಬೀಪ್ ಮುಗಿಯುತ್ತಲೇ ಮೇಲಿನ ಸಾಲಿನ ಎಫ್-೫ ಒತ್ತಿ ಹಿಡಿದೆ. ಹಾಗೆ ಮಾಡಿದರೆ ಅದು ಆ ಸಲ ಯಾವ ಫೈಲನ್ನೂ ಓದದೆ, ಯಾವ ಕಾರ್ಡನ್ನೂ ಮಾತಾಡಿಸದೆ, ಬರಿಗೈಯಲ್ಲಿ ಎಚ್ಚರಾಗುತ್ತದೆ. ಡಿಸ್ಕಿನ ಕರಕರ ಬೇಗ ನಿಂತಿತು. ಮಾತಿಲ್ಲ. ಈಗ ನಾನು ಒತ್ತುವುದನ್ನು ಅದು ಕೇಳಿಸಿಕೊಳ್ಳುತ್ತಿದೆಯೋ ಇಲ್ಲವೋ, ತಿಳಿಯುವುದು ಹೇಗೆ? ಅದಕ್ಕೂ ಒಂದು ಉಪಾಯವಿತ್ತು. ಡಬ್ಬಿಯೊಳಗೇ ಬೀಪ್ ಎನ್ನುವ ಒಂದು ಚಿಲ್ಲರೆ ಸ್ಪೀಕರು ಇರುತ್ತದೆ, ಅದಕ್ಕೆ ಕಾರ್ಡಿನ ಹಂಗಿಲ್ಲ. ಅದನ್ನು ಬಾರಿಸುವ ಆಜ್ಞೆ ಕೊಟ್ಟು ಎಂಟರ್ ಒತ್ತಿದೆ.

ಬೀಪ್!

"ಕೇಳ್ತಾ ಐತೆ!" ಎಂದು ನಾನೇ ಕಿರುಚಿದೆ.

ಮೊದಲು ಎರಡು. ಎ ೨೨೦, ಐ ೨, ಡಿ ೧ ಎಂದು ಒತ್ತಿದೆ. ಒಂದಕ್ಷರ ತಪ್ಪಿದರೂ ನನಗೆ ಹೇಳುವವರಿಲ್ಲ. ಪ್ರತಿ ಕೀಲಿಯ ಮೇಲೂ ಬೆರಳು ಕೂತದ್ದನ್ನು ಖಾತ್ರಿ ಮಾಡಿಕೊಂಡು ಒತ್ತುತ್ತ ಹೋದೆ. ಆಮೇಲೆ ಮಾತಿನ ಪ್ರೋಗ್ರಾಮಿನ ಹೆಸರು. ಎಂಟರ್.

"ರೆಡ್‌ರೆಡ್‌ರೆಡ್‌ರೆಡ್..."

"ಅಯ್ಯೋ," ಎಂದಿತು ಇಡೀ ಕೋಣೆ. ಆ 'ಅಯ್ಯೋ'ದಲ್ಲಿ ಪಾಪ ಇರಲಿಲ್ಲ ಕಣ್ರಿ. ಆಟದಲ್ಲಿ ನಮ್ಮ ಕಡೆಯವನು ಔಟಾದಾಗ ಬರುವ ಅಯ್ಯೋ ಅದು. ಅವರೆಲ್ಲ ನನ್ನ ಕಡೆಗೆ ಬಂದುಬಿಟ್ಟಿದ್ದರು!

ಆಫ್. ಮತ್ತೆ ಆನ್. ಫ್ಯಾನು, ಟಿಕ್ ಟಿಕ್. "ಬೀಪ್ ಬಂತು, ಒತ್ರಿ, ಒತ್ರಿ!" ಎಂದು ಮುಂದಿನ ಬೆಂಚಿನಿಂದ ಉಡಚಮ್ಮ ತಡೆಯಲಾರದೆ ಕೂಗಿದಳು. ಎಫ್-೫ ಒತ್ತಿದ್ದೆ. ಬೆರಳು ಬೆವರಿ ಜಾರುತ್ತಿದ್ದವು, ಸೆರಗಿಗೆ ಒರೆಸಿಕೊಂಡೆ. ಎ ೨೨೦. ಐ ೭. ಡಿ ೧. ಏಳೂ ಅಲ್ಲದಿದ್ದರೆ? ಮಾವ ಮೊಳೆಯನ್ನೇ ಬಗ್ಗಿಸಿದ್ದರೆ? ಯೋಚನೆಗೆ ಎಡೆಗೊಡದೆ ಎಂಟರ್ ಒತ್ತಿದೆ.

"ರೆಡಿ."

ಒಂದೇ ಸಲ. ಪೂರ್ತಿ ಮಾತು. ತೊದಲದ, ಬಿಕ್ಕಳಿಸದ, ನನ್ನ ಹಳೇ ಕಂಪ್ಯೂಟರಿನ ಆ ಒಣ ದನಿ!

ಚಪ್ಪಾಳೆಯೋ ಚಪ್ಪಾಳೆ. ಯಾರೋ ಸಿಳ್ಳೆ ಹಾಕಿದರು. ಆಮೇಲೆ ಗೊತ್ತಾಯಿತು, ನಮ್ಮ ಮಾವ. ಅವ್ವ ಮೂಗು ಸೊರಗುಟ್ಟಿಸುತ್ತ ಅವನ ಬೆನ್ನಿಗೆ ಗುದ್ದುತ್ತಿದ್ದಳು. ಬಿಸಿ ಆರುವ ಮೊದಲು ನಾನು ಫೈಲು ತೆರೆದು ಅಲ್ಲಿನ ಐದನ್ನು ಅಳಿಸಿ ಏಳು ಬರೆದು ಉಳಿಸಿದೆ. ಅದು ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿ ಹೇಳಿತು, ಎಲ್ಲರೂ ಕೇಳಿದರು.

"ನಂದೊಂದು ಮಾತೈತ್ರಿ," ಎಂದು ಜಂಬಯ್ಯ ಎದ್ದ. ಬಿಡುವ ಆಸಾಮಿಯಲ್ಲ ಅವನು. "ಇದು ನಿಮ್ಮ ಸ್ವಂತ ಮಷೀನು, ನಿಮಗೆ ಅದರ ಗುಣ ಗೊತ್ತು. ನನ್ನ ಮಗಳು ತಪ್ಪು ಮಾಡಿದ್ರೆ ಹಿಡೀತೀರೇನು?"

"ಕಳಿಸ್ರಿ ಇಲ್ಲಿಗೆ."

ಉಡಚಮ್ಮ ಬಂದು ಕೂತಳು. ಅಪ್ಪ ಮಗಳ ಕಿವಿಯಲ್ಲಿ ಏನೋ ಹೇಳಿಕೊಟ್ಟ. ಅವಳು ಒಂದೊಂದೇ ಕೀಲಿ ಹುಡುಕಿ ಊರಿನ ಹೆಸರು ಒತ್ತಿದಳು. ನಂದಿಗುಡಿಯನ್ನು ಕಂಪ್ಯೂಟರು 'ನ್ಯಾಂಡಿಗಡ್ಡಿ' ಎಂದು ಓದಿದ್ದಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ, ಅಕ್ಷರ ಎಣಿಸುತ್ತಿದ್ದೆ.

"ಎರಡನೇ 'ಡಿ' ಎರಡು ಸಲ ಒತ್ತೀಯ ಕಣವ್ವ. ಅಪ್ಪ ಹೇಳಿಕೊಟ್ಟರೇನು?"

"ಹೌದ್ರಿ," ಎಂದಳು ಹುಡುಗಿ, ನಾಚಿಕೊಂಡು. ಹಿಂದಿನ ಬೆಂಚಿನವರು ಜಂಬಯ್ಯನ ಕಾಲೆಳೆದದ್ದೇ ಎಳೆದದ್ದು. ಅವನು ಹೋಗಿ ಬೆಂಚಿನಲ್ಲಿ ಕೂತ ಸದ್ದಾಯಿತು.

ಆಶಾರಾಣಿ ಮೇಡಂ ಮೇಜು ತಟ್ಟಿ ಗದ್ದಲ ನಿಲ್ಲಿಸಿದರು. "ಆತು. ನಾನು ಮಾತು ಕೊಟ್ಟಂಗೆ ಕೇಳ್ತೀನಿ. ರಶ್ಮಿತಾ ಯಾರ ಸಹಾಯಾನೂ ತಗಳ್ಲಿಲ್ಲ, ನೀವೇ ನೋಡಿದ್ರಿ. ಈ ಬ್ಯಾಚಿಗೆ ಈಕೆ ಪಾಠ ಮಾಡೋದು ಯಾರ್ಯಾರಿಗೆ ಒಪ್ಪಿಗೆ?"

ನಾನು ಕಿವಿ ನಿಮಿರಿಸಿದೆ.

ಯಾರೂ ಮಾತಾಡಲಿಲ್ಲ. ಬಟ್ಟೆಯ ಸರಬರ ಕೇಳಿತು. ಅಲ್ಲೊಂದು ಇಲ್ಲೊಂದು ಬಳೆಯ ಸದ್ದು. ಬೆಂಚು ಕಿರುಗುಟ್ಟಿತು. ಎದ್ದು ಹೊರಡುತ್ತಿದ್ದಾರೆ ಎಂದುಕೊಂಡೆ. ಬನ್ನಿ ಮುಡಿಯಲು ಹೊತ್ತಾಗಿದೆ, ಮುಖ ಮುರಿದು ಹೇಳಲಾಗದೆ ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದಾರೆ. ಚಪ್ಪಾಳೆ ತಟ್ಟುವುದು ಬೇರೆ, ಮಕ್ಕಳನ್ನು ಒಪ್ಪಿಸುವುದು ಬೇರೆ. ಮೇಡಂ ಕೂಡ ಸುಮ್ಮನಿದ್ದರು. ಅವ್ವನ ದನಿಯೂ ಇಲ್ಲ. ಅಳುವುದಿಲ್ಲ, ಇವರೆದುರು ಸತ್ತರೂ ಅಳುವುದಿಲ್ಲ ಎಂದು ಹಲ್ಲು ಕಚ್ಚಿದೆ.

"ಹೋಗೋರು ಹೋಗ್ರಿ. ನನಗೇನೂ ಬ್ಯಾಸರ ಇಲ್ಲ," ಎಂದು ಬಾಗಿ, ಕಂಪ್ಯೂಟರಿನ ವೈರು ಕೀಳಲು ಗೋಡೆಯ ಕಡೆ ಕೈ ಚಾಚಿದೆ.

"ಮಿಸ್," ಎಂದಿತು ಒಂದು ಸಣ್ಣ ದನಿ. ಉಡಚಮ್ಮ. "ಕೈ ನೋಯ್ತಾ ಐತೆ ಮಿಸ್. ಇಳಿಸ್ಲಾ?"

"ಯಾವ ಕೈ?"

"ಎತ್ತಿರೋ ಕೈ ಮಿಸ್. ಎಲ್ಲಾರೂ ಎತ್ತ್ಯಾರೆ. ನೀವು ಹೇಳ್ದಲೇ ಹೆಂಗೆ ಇಳಿಸೋದು?"

ಬಾಗಿದವಳು ಹಾಗೇ ನಿಂತುಬಿಟ್ಟೆ. ಅವಳು ಹೇಳಿದ್ದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲ ಬಳಿಯಿಂದ ಅವ್ವ, ಅಳುವಿಗೆ ಮಾತೇ ಹೊರಡದಿದ್ದವಳು, "ಒಬ್ಬರೂ ಬಿಟ್ಟಿಲ್ಲ ಕಣೆ," ಎಂದಳು. ಆಗ ನನಗೆ ಬಂದ ಸಿಟ್ಟು, ಖುಷಿ ಎಲ್ಲ ಒಂದೇ ಸಲ ಬಾಯಿಗೆ ನುಗ್ಗಿತು.

"ಇಳಿಸ್ರಿ ಕೈ, ಎಲ್ಲಾರೂ!" ಎಂದು ನೆಟ್ಟಗೆ ನಿಂತು ಗದರಿದೆ. "ನನ್ನ ಕ್ಲಾಸಿನಾಗ ಇನ್ನು ಮುಂದೆ ಯಾರೂ ಕೈ ಎತ್ತಂಗಿಲ್ಲ. ಒಪ್ಪಿಗೆ ಇದ್ರೆ ಬಾಯಿ ಬಿಟ್ಟು ಹೆಸರು ಹೇಳ್ರಿ!"

ಆಮೇಲೆ "ಉಡಚಮ್ಮ" ಎಂದು ಮುಂದಿನಿಂದ, "ಮೈಲಪ್ಪ" ಎಂದು ಕಿಟಕಿಯ ಕಡೆಯಿಂದ, "ಕರಿಬಸವರಾಜ" ಎಂದು ಹಿಂದಿನ ಮೂಲೆಯಿಂದ. ಒಬ್ಬರ ಮೇಲೊಬ್ಬರು, ಸಣ್ಣ ದನಿ, ಒಡೆದ ದನಿ, ನಾಚಿದ ದನಿ. ನಾನು ಕತ್ತು ತಿರುಗಿಸಿ ತಿರುಗಿಸಿ ಒಂದೊಂದನ್ನೂ ಅದು ಬಂದ ಜಾಗದಲ್ಲೇ ನೆನಪಿಟ್ಟುಕೊಳ್ಳುತ್ತ ಹೋದೆ. ಎಲ್ಲ ಮುಗಿಯಿತು ಅಂದುಕೊಂಡಾಗ ಮುಂದಿನ ಸಾಲಿನಿಂದ ಒಂದು ದಪ್ಪ ದನಿ ಗಂಟಲು ಸರಿಮಾಡಿಕೊಂಡಿತು.

"ಜಂಬಯ್ಯ, ನಂದಿಗುಡಿ. ನಾನು ಎರಡೂ ಕೈ ಎತ್ತಿದ್ದೆ ಮಿಸ್."